ಎಡಕ್ಕ ಖಾಲಿ

ಹೋದ ತಿಂಗಳು ದೊಡ್ಡಪ್ಪನನ್ನು ಉದಗೀರಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣು ಕಾಣದವರಿಗೆ ಸರಕಾರ ಕೊಡುವ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಬೇಕಿತ್ತು. ಕಾಣುವುದಿಲ್ಲ ಎಂಬುದನ್ನು ಮತ್ತೊಮ್ಮೆ ತೋರಿಸಿ ಬರಬೇಕು. ನಾನು ಪಾಠ ಮಾಡುವ ಕಲಬುರ್ಗಿಯ ಕಾಲೇಜಿಗೆ ಎರಡು ದಿನ ರಜೆ ಹಾಕಿ ನನ್ನ ಕಾರಿನಲ್ಲೇ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ತುರೋರಿಗೆ ಬಂದೆ.

ಬೆಳಿಗ್ಗೆ ಮನೆಯಿಂದ ಹೊರಟು ಹೆದ್ದಾರಿಗೆ ಸೇರುವಲ್ಲಿ ಒಂದು ಲಾರಿ ಕಲ್ಲು ತುಂಬಿಕೊಂಡು ರಸ್ತೆ ಬದಿಯ ಮಣ್ಣಿಗೆ ಇಳಿದಿತ್ತು. ಮೇಲೇರಲು ಒದ್ದಾಡುತ್ತಿತ್ತು. ಕಿಟಕಿ ತೆರೆದೇ ಇತ್ತು. ರಬ್ಬರೂ ಅಲ್ಲದ, ಕೂದಲೂ ಅಲ್ಲದ, ಎರಡೂ ಸೇರಿ ಸುಟ್ಟಂಥ ಒಂದು ವಾಸನೆ ಒಳಗೆ ಬಂತು. ಅದು ಏನೆಂದು ನಾನು ಗುರುತು ಹಿಡಿಯುವ ಮೊದಲೇ ಎಡಗಡೆಯ ಸೀಟಿನಲ್ಲಿದ್ದ ದೊಡ್ಡಪ್ಪ ಮುಖ ಎತ್ತಿದರು.

"ಕ್ಲಚ್ ಸುಟ್ತು ನೋಡು. ಕ್ಲಚ್ ಮ್ಯಾಲೇ ನಿಂತಾನ ಮಗಾ. ನಿನ್ನಂಗೇ."

"ನಾ ಯಾವಾಗ ನಿಂತಿದ್ದೆ ದೊಡ್ಡಪ್ಪಾ?"

"ಮೇ ತಿಂಗಳದಾಗ. ಹೊಲದಾಗ. ಇಡೀ ಹೊಲ ನಾರತಿತ್ತು."

ನಕ್ಕೆವು. ಆದರೆ ಆ ವಾಸನೆ ಉಮರಗಾ ದಾಟುವವರೆಗೂ ನನ್ನ ಮೂಗಿನಲ್ಲೇ ಉಳಿಯಿತು. ಹನ್ನೆರಡು ವರ್ಷಗಳ ಹಿಂದೆ, ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಿಂದ ದೀಪಾವಳಿಯವರೆಗಿನ ಆರು ತಿಂಗಳಲ್ಲಿ, ದೊಡ್ಡಪ್ಪ ನನಗೆ ಕಾರು ನಡೆಸುವುದನ್ನು ಕಲಿಸಿದರು. ಅದೇ ಆರು ತಿಂಗಳಲ್ಲಿ ಅವರ ಕಣ್ಣು ಹೋಗುತ್ತ ಬಂತು. ಇವೆರಡನ್ನೂ ನಾನು ಬೇರೆ ಬೇರೆ ನೆನಪುಗಳಾಗಿಯೇ ಇಟ್ಟುಕೊಂಡಿದ್ದೆ. ಒಂದು ಸಂತೋಷದ್ದು, ಇನ್ನೊಂದು ದುಃಖದ್ದು. ಅವು ಒಂದೇ ಎಂದು ತಿಳಿದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ದೊಡ್ಡವ್ವ ಟ್ರಂಕಿನಿಂದ ಆಸ್ಪತ್ರೆಯ ಹಳೆಯ ಕಾಗದ ತೆಗೆಯುವಾಗ ನನ್ನದೊಂದು ನೋಟ್‌ಬುಕ್ಕು ಕೂಡ ಹೊರಬಂತು. ಆ ವರ್ಷ ನಾನು ದಿನಚರಿ ಬರೆಯುತ್ತಿದ್ದೆ.

ಆಗಿನ ಕಾರು ಬಿಳಿಯದು, ಸಣ್ಣದು. ದೊಡ್ಡಪ್ಪ ಅದನ್ನು ಯಾರೋ ಮಾಸ್ತರರಿಂದ ಉದಗೀರದಲ್ಲಿ ಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೊಲ, ಮನೆ, ಒಲೆ ಎಲ್ಲ ನಮ್ಮದೂ ಅವರದೂ ಒಂದೇ. ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಕಲಿಯುವವರ ಲೈಸೆನ್ಸು ಮಾಡಿಸಿಕೊಡಿ ಎಂದು ಹಟ ಹಿಡಿದೆ. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗಾಡಿ ಕಲ್ತು ಯಾರ ಮನಿಗಿ ಡ್ರೈವರ್ ಆಗಿ ಹೋಗ್ತಿ?"

"ನನ್ನ ಮನಿಗಿ ಆಗ್ತಾಳ ಬಿಡಪಾ," ಎಂದರು ದೊಡ್ಡಪ್ಪ. "ದಿನಾ ಒಂದು ರೊಟ್ಟಿ ಹೆಚ್ಚಿಗಿ ಹಾಕ್ತೀನಿ."

"ಅಣ್ಣಾ, ನೀವೇ ಆಕಿನ್ನ ತಲಿಮ್ಯಾಲ ಕೂಡಿಸಿಕೊಂಡೀರಿ."

"ಇಲ್ಲೋ. ಇನ್ನಮ್ಯಾಗ ಸ್ಟೇರಿಂಗ್ ಮುಂದ ಕೂಡಸ್ತೀನಿ."

ಜೋಳ ಕೊಯ್ದ ಹೊಲ ಖಾಲಿ ಬಿದ್ದಿತ್ತು. ಎರೆಮಣ್ಣು ಬಿಸಿಲಿಗೆ ಕೈ ಇಳಿಯುವಷ್ಟು ಬಿರಿದಿತ್ತು. ಅದರ ಮೇಲೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪಾಠ. ಮೊದಲ ವಾರ ಕಾರು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಕ್ಲಚ್ಚಿನಿಂದ ಕಾಲು ತೆಗೆದರೆ ಎಗರಿ ಬಂದ್ ಆಗುತ್ತಿತ್ತು, ತೆಗೆಯದಿದ್ದರೆ ಸುಡುತ್ತಿತ್ತು.

"ಹಗೂರಕ ಬಿಡು. ಎಮ್ಮಿ ಕೆಚ್ಚಲಕ್ಕ ಕೈ ಹಾಕಿದಂಗ. ಒಮ್ಮಿಗಿಲೇ ಬಿಟ್ರ ಒದೀತದ."

"ನಾ ಎಂದೂ ಎಮ್ಮಿ ಹಿಂಡಿಲ್ಲರಿ."

"ಅದಕ್ಕೇ ಒದಿಸ್ಕೊಳ್ಳಾಕತ್ತಿದಿ."

ಗೇರಿನ ಕಡೆ ನೋಡಲು ಬಿಡುತ್ತಿರಲಿಲ್ಲ. "ನೋಡಬ್ಯಾಡ. ಕೇಳು. ಇಂಜಿನ್ ಅಳಲಿಕತ್ತದ, ಕೇಳಸ್ವಲ್ದೇನ? ಕೆಳಗಿನ ಗೇರಿಗಿ ಹಾಕು." ಎಷ್ಟೋ ಸಲ ಕಣ್ಣು ಮುಚ್ಚಿ ಕೂತು, ಕಾರು ಎಷ್ಟನೇ ಗೇರಿನಲ್ಲಿದೆ ಎಂದು ಹೇಳುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ನಾನು ಅದನ್ನು ದಿನಚರಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ: ‘ಪಕ್ಕದಿಂದ ನೀರಿನ ಲೋಟ ಕೊಟ್ಟರೆ ದೊಡ್ಡಪ್ಪ ತೆಗೆದುಕೊಳ್ಳುವುದೇ ಇಲ್ಲ, ಮುಖದ ಮುಂದೆ ಹಿಡಿಯಬೇಕು, ಧ್ಯಾನದಲ್ಲೇ ಇರುತ್ತಾರೆ.’

ಧ್ಯಾನ ಎಂದು ಯಾಕೆ ಬರೆದೆ ಎಂಬುದನ್ನು ಹೇಳಬೇಕು.

ನಮ್ಮ ಮನೆಯಲ್ಲಿ ಎಲ್ಲರೂ ಲಿಂಗ ಕಟ್ಟಿದವರೇ. ಆದರೆ ಪೂಜೆಗೆ ಕೂತರೆ ದೊಡ್ಡಪ್ಪನಂತೆ ಕೂರುವವರು ಯಾರೂ ಇರಲಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಬೆನ್ನು ಕೊಡದೆ ಕೂತು, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟು ಕಣ್ಣೆದುರಿಗೆ ಹಿಡಿದು ಎವೆಯಿಕ್ಕದೆ ನೋಡುತ್ತಿದ್ದರು. ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಆ ವರ್ಷದ ಶಿವರಾತ್ರಿಯ ಆಸುಪಾಸಿನಲ್ಲಿ ಅವರು ದೊಡ್ಡವ್ವನಿಗೆ ಮೆಲ್ಲಗೆ ಹೇಳಿದರಂತೆ:

"ಈಗೀಗ ಕುಂತ್ರ ಸಾಕು, ಸುತ್ತಲಿಂದೆಲ್ಲಾ ಕರಗಿ ಹೋಗ್ತದ. ಕರ್‍ರಗ ಆಗ್ತದ. ನಟ್ಟನಡುವ ಲಿಂಗ ಒಂದೇ ಉಳೀತದ."

ದೊಡ್ಡವ್ವ ಕೈ ಮುಗಿದಳು. ಲಿಂಗವನ್ನು ನೋಡುತ್ತ ನೋಡುತ್ತ ಜಗತ್ತು ಮರೆಯಾಗಬೇಕು ಎಂದು ಮಠದಲ್ಲಿ ಹೇಳಿಕೊಡುವುದು ಅದನ್ನೇ ತಾನೆ? ಓಣಿಯವರೆಲ್ಲ ಆ ಮಾತು ಕೇಳಿದರು. "ನಮ್ಮನಿಯವರಿಗಿ ದೃಷ್ಟಿ ನಿಂತದ," ಎಂದು ದೊಡ್ಡವ್ವ ಹೇಳುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು. ಮಠದ ಸ್ವಾಮಿಗಳು ಮನೆಗೆ ಬಂದಾಗ ಎಲ್ಲರ ಎದುರು ದೊಡ್ಡಪ್ಪನ ತಲೆಯ ಮೇಲೆ ಕೈಯಿಟ್ಟರು. ಅವರಿಗಾಗ ಐವತ್ತೆಂಟು. ಮಕ್ಕಳಾಗದ ಮನುಷ್ಯನಿಗೆ ದೇವರು ಕೊನೆಗೆ ಏನೋ ಒಂದು ಕೊಟ್ಟ ಎಂದು ಎಲ್ಲರಿಗೂ ಸಮಾಧಾನವಾಗಿತ್ತು. ಕಣ್ಣಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ಪೇಪರಿನ ಸಣ್ಣ ಅಕ್ಷರ ಓದುತ್ತಿದ್ದರು. ಎದುರಿಗಿದ್ದದ್ದೆಲ್ಲ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಪೂಜೆ ಮುಗಿಸಿ ಎದ್ದಮೇಲೆ ಸುತ್ತಲಿನದು ತಿರುಗಿ ಕಾಣಿಸುತ್ತದೆಯೇ ಎಂದು ಮಾತ್ರ ನಾವು ಒಬ್ಬರೂ ಕೇಳಲಿಲ್ಲ.

ಜೂನಿನ ಮೊದಲ ವಾರ ಮಳೆ ಬಂತು. ಒಂದೇ ಮಳೆಗೆ ಎರೆಹೊಲ ಅಂಟಿನಂತಾಯಿತು. ಕಾರು ಬಿಡಿ, ಚಪ್ಪಲಿ ಹಾಕಿಕೊಂಡು ಸಹ ಇಳಿಯುವಂತಿರಲಿಲ್ಲ. ಹೊಲದ ಪಾಠ ಅಲ್ಲಿಗೆ ಮುಗಿಯಿತು. ದೊಡ್ಡ ರಸ್ತೆಗೆ ಹೋಗೋಣ ಎಂದೆ. "ಇನ್ನೂ ಆಗಿಲ್ಲ ನಿಂದು," ಎಂದರು. ನಾನು ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ.

ಮೂರನೆಯ ದಿನ ಉಮರಗಾದಿಂದ ಸೋಯಾ ಬೀಜ ತೆಗೆದುಕೊಂಡು ಊರಿಗೆ ವಾಪಸು ಬರುತ್ತಿದ್ದೆವು. ಅವರು ಓಡಿಸುತ್ತಿದ್ದರು, ನಾನು ಎಡಗಡೆ ಕೂತಿದ್ದೆ. ಹೆದ್ದಾರಿ ಬಿಟ್ಟು ಬರುವಾಗ ನಮ್ಮ ಊರ ದಾರಿಗೆ ಎಡದಿಂದ ಒಂದು ಹೊಲದ ದಾರಿ ಬಂದು ಸೇರುತ್ತದೆ; ಅಲ್ಲೊಂದು ಬೇವಿನ ಮರ. ಆ ದಾರಿಯಿಂದ ಒಂದು ಎತ್ತಿನ ಬಂಡಿ ಬರುತ್ತಿತ್ತು. ಬಹಳ ಹೊತ್ತಿನಿಂದ ಕಾಣುತ್ತಿತ್ತು. ಹಗಲು ಹನ್ನೆರಡು ಗಂಟೆ. ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ದೊಡ್ಡಪ್ಪ ವೇಗ ಕಡಿಮೆ ಮಾಡುತ್ತಾರೆ ಎಂದು ನಾನು ಕಾದೆ. ಮಾಡಲಿಲ್ಲ. ಎತ್ತುಗಳು ರಸ್ತೆಗೆ ಕಾಲಿಟ್ಟವು.

"ದೊಡ್ಡಪ್ಪಾ, ಬಂಡಿ!"

ಅವರು ಬ್ರೇಕ್ ಹಾಕಿದರು, ಆದರೆ ಅದಕ್ಕೂ ಮೊದಲು ಬಲಕ್ಕೆ ನೋಡಿದರು. ಬಂಡಿ ಯಾವ ಕಡೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಾರು ಜಾರಿ ನಿಂತಾಗ ಒಂದು ಎತ್ತು ಮೊಣಕಾಲೂರಿತ್ತು. ಅದರ ಕೊಂಬು ನನ್ನ ಕಡೆಯ ಬಾಗಿಲಿಗೆ ತಗುಲಿ ಉದ್ದಕ್ಕೆ ಗೀರು ಎಳೆದಿತ್ತು. ಬಂಡಿ ಹೊಡೆಯುತ್ತಿದ್ದವನು ದತ್ತೂ, ನಮ್ಮ ಪಕ್ಕದ ಹೊಲದವನು. ಇಳಿದು ಬಂದು ಮರಾಠಿಯಲ್ಲಿ ಒದರಿದ.

"ಅಹೋ ಆಪ್ಪಾ, ಡೋಳೇ ಘರೀ ಠೇವೂನ್ ಆಲಾತ್ ಕಾ?"

ಕಣ್ಣು ಮನೆಯಲ್ಲಿಟ್ಟು ಬಂದಿರೇನು ಎಂದು ಕೇಳುತ್ತಿದ್ದ. ದೊಡ್ಡಪ್ಪ ಇಳಿದರು. ಎತ್ತಿನ ಕಾಲು ಮುಟ್ಟಿ ನೋಡಿ, ಕೈ ಮುಗಿದು, ಬಂದು ಕೂತರು. ಸ್ವಲ್ಪ ದೂರ ಹೋದಮೇಲೆ ನನ್ನ ಕಡೆ ತಿರುಗದೆ ಹೇಳಿದರು.

"ನಿನ್ನ ಪರೀಕ್ಷಾ ಮಾಡ್ತಿದ್ದೆ. ಎಡಕ್ಕ ನಿನ್ನ ಲಕ್ಷ್ಯ ಅದ ಏನ್ ಇಲ್ಲೊ ನೋಡ್ಬೇಕಂತ."

"ಹ್ಞೂಂರಿ," ಎಂದೆ.

ಮನೆಯಲ್ಲಿ ಅಪ್ಪ ಗೀರು ನೋಡಿ ಏನಾಯಿತೆಂದು ಕೇಳಿದಾಗ ದೊಡ್ಡಪ್ಪ, "ಜಾಲಿ ಗಿಡಕ್ಕ ಒರಸ್ತು," ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕಾರಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. "ನಡಿ, ಇವತ್ತ ದೊಡ್ಡ ರಸ್ತಾ."

ಈ ಎರಡು ದಿನಗಳ ವಿಷಯದಲ್ಲೇ ನನ್ನ ನೆನಪು ಆಟವಾಡಿದೆ. ಹನ್ನೆರಡು ವರ್ಷ ನಾನು ಇದನ್ನು ತಿರುಗಾಮುರುಗಾ ನೆನೆಯುತ್ತ ಬಂದೆ. ಮೊದಲು ಅವರು ನನಗೆ ದೊಡ್ಡ ರಸ್ತೆಯಲ್ಲಿ ಕಾರು ಕೊಟ್ಟರು, ಯಾಕೆಂದರೆ ನಾನು ಚೆನ್ನಾಗಿ ಕಲಿತಿದ್ದೆ. ಅದಾದ ಎಷ್ಟೋ ದಿನಗಳ ಮೇಲೆ, ಮಳೆಗಾಲದ ಕೊನೆಗೆ, ಯಾವುದೋ ಬಂಡಿ ಅಡ್ಡ ಬಂದಿತ್ತು. ಗೆಳತಿಯರಿಗೆ, ಗಂಡನಿಗೆ, ಎಲ್ಲರಿಗೂ ಹಾಗೇ ಹೇಳಿದ್ದೇನೆ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ಬಂಡಿ ಎಡ ಪುಟದಲ್ಲಿದೆ, ಬೀಗದ ಕೈ ಬಲ ಪುಟದಲ್ಲಿದೆ. ಬಂಡಿಯ ದಿನದ ಕೊನೆಗೆ ನನ್ನ ಅಕ್ಷರದಲ್ಲೇ ಹೀಗಿದೆ: ‘ಪರೀಕ್ಷೆ ಅಲ್ಲ. ಅವರಿಗೆ ಬಂಡಿ ಕಾಣಲಿಲ್ಲ. ಅಪ್ಪನಿಗೆ ಹೇಳಿದರೆ ಕಾರು ಬಂದ್ ಆಗುತ್ತದೆ.’

ಕಾರು ಬಂದ್ ಆಗುತ್ತದೆ ಎಂದರೆ ಅವರ ಕಾರೋ, ನನ್ನ ಪಾಠವೋ? ಆ ಸಾಲನ್ನು ಬರೆದ ಹುಡುಗಿಯನ್ನು ಈಗ ಕೇಳಲು ಬರುವುದಿಲ್ಲ. ದಿನಚರಿಯೂ ಪೂರ್ತಿ ನಿಜ ಹೇಳುತ್ತದೆ ಎಂದು ನಂಬುವವಳು ನಾನಲ್ಲ. ಅದನ್ನು ಬರೆದವಳೂ ನಾನೇ. ಆದರೆ ಒಂದು ಪುಟ ಆದಮೇಲೆ ಇನ್ನೊಂದು ಪುಟ ಬರುತ್ತದೆ ಎಂಬುದನ್ನು ಅಲ್ಲಗಳೆಯುವುದು ಹೇಗೆ?

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನನ್ನ ಬದುಕಿನ ತುಂಬ ಒಳ್ಳೆಯ ದಿನಗಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ಹಾಗೇ ಇತ್ತು. ಬೀಜಕ್ಕೆ, ಗೊಬ್ಬರಕ್ಕೆ ಉಮರಗಾ. ಸಂತೆಗೆ ಲೋಹಾರಾ. ಪಂಪಿನ ಸಾಮಾನಿಗೆ ನಿಲಂಗಾ. ಎಲ್ಲಿಗೆ ಹೋದರೂ ನಾನೇ ಓಡಿಸುತ್ತಿದ್ದೆ, ದೊಡ್ಡಪ್ಪ ಎಡಕ್ಕೆ ಕೂರುತ್ತಿದ್ದರು. ಅವರು ಮತ್ತೆ ಒಬ್ಬರೇ ಕಾರು ತೆಗೆಯಲಿಲ್ಲ. ಕೂಡುರಸ್ತೆ ಬಂದಾಗಲೆಲ್ಲ ಅವರು ಕೇಳಬೇಕು, ನಾನು ಹೇಳಬೇಕು.

"ಎಡಕ್ಕ?"

"ಖಾಲಿ."

"ಬಲಕ್ಕ?"

"ಟ್ರ್ಯಾಕ್ಟರ್ ಅದ. ದೂರ ಅದ."

"ಹ್ಞಾಂ, ನಡಿ."

ಇದು ಪಾಠದ ಭಾಗ ಎಂದು ಅವರು ಹೇಳಿದ್ದರು. ಸಂತೆಯಲ್ಲಿ ಇಳಿದು ನಡೆಯುವಾಗಲೂ ಅವರು ನನ್ನ ಭುಜ ಹಿಡಿಯತೊಡಗಿದ್ದರು. ಜನ ನೋಡಿ, "ಮಗಳ ಮ್ಯಾಲ ಭಾಳ ಜೀವ ಅದ ಶರಣಪ್ಪಗ," ಎನ್ನುತ್ತಿದ್ದರು. ಇತ್ತೂ ಹೌದು. ಸೋಯಾ ಮೊಣಕಾಲೆತ್ತರ ಬೆಳೆಯಿತು. ರಸ್ತೆಯ ಎರಡೂ ಬದಿ ಹಸಿರು. "ಈ ವರ್ಷ ಛಲೋ ಅದ ಇಲ್ಲ?" ಎಂದು ಅವರು ಕೇಳುತ್ತಿದ್ದರು, ನಾನು ಯಾರ ಹೊಲ ಹೇಗಿದೆ ಎಂದು ಹೇಳುತ್ತ ಹೋಗುತ್ತಿದ್ದೆ. ಮಾತಿಗೆ ಕೇಳುತ್ತಾರೆ ಎಂದುಕೊಂಡಿದ್ದೆನೇ? ಅಥವಾ ಹಾಗೆ ಅಂದುಕೊಳ್ಳುವುದನ್ನು ಕಲಿತಿದ್ದೆನೇ?

ಪ್ರತಿ ದಿನ ಅವರು ಲಿಂಗ ಹಿಡಿದು ಕೂರುತ್ತಿದ್ದರು. ದೊಡ್ಡವ್ವ ಪ್ರತಿ ದಿನ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದಳು. ನನಗೆ ಇಷ್ಟು ಮಾತ್ರ ಖಾತ್ರಿಯಿದೆ: ಕಣ್ಣಿಗೆ ಏನೋ ಆಗಿದೆ ಎಂದು ಬಾಯಿಬಿಟ್ಟು ಹೇಳಿದ್ದರೆ ಕಾರು ಓಡಿಸುವುದೊಂದೇ ನಿಲ್ಲುತ್ತಿರಲಿಲ್ಲ. ದೃಷ್ಟಿ ನಿಂತದ್ದೂ ರೋಗ ಎಂದಾಗುತ್ತಿತ್ತು. ಅದನ್ನು ದೊಡ್ಡಪ್ಪ ಹೇಗೆ ಹೇಳಿಯಾರು? ಆದರೆ ನಾನು ಹೇಳಬಹುದಿತ್ತು. ನನ್ನ ಪೂಜೆ ಯಾವುದೂ ಅಲ್ಲಿ ಪಣಕ್ಕಿರಲಿಲ್ಲ. ಇದ್ದದ್ದು ಒಂದು ಬೀಗದ ಕೈ.

ದೀಪಾವಳಿಗೆ ನಾಲ್ಕು ದಿನವಿತ್ತು. ರಾಶಿ ಮುಗಿದು ಸೋಯಾ ಚೀಲಗಳು ಅಂಗಳಕ್ಕೆ ಬಂದಿದ್ದವು. ಕರು ಎಂದಿನಂತೆ ಅಂಗಳದ ಬದಿಗೆ ಕಟ್ಟಿತ್ತು, ಬಿಳಿ ಕರು, ನಡು ಹಗಲು. ದೊಡ್ಡಪ್ಪ ನೇರ ನಡೆದು ಬಂದು ಅದರ ಮೇಲೆ ಬಿದ್ದರು. ಅಪ್ಪ ಓಡಿಬಂದು ಎತ್ತಿದ.

"ಅಣ್ಣಾ, ಕರಾ ಕಾಣ್ಲಿಲ್ಲೇನ್ರಿ?"

ದೊಡ್ಡಪ್ಪ ಧೋತರದ ಧೂಳು ಝಾಡಿಸುತ್ತ ನಿಂತರು. ಅಪ್ಪ ಅವರ ಕಿವಿಯ ಪಕ್ಕ ಕೈಯಾಡಿಸಿದ. ಮತ್ತೊಂದು ಪಕ್ಕ ಆಡಿಸಿದ. ದೊಡ್ಡಪ್ಪ ನೇರ ನೋಡುತ್ತಲೇ ಇದ್ದರು.

ಮರುದಿನ ಅವರಿಬ್ಬರನ್ನೂ ದೊಡ್ಡವ್ವನನ್ನೂ ಉದಗೀರಕ್ಕೆ ಕರೆದುಕೊಂಡು ಹೋದವಳು ನಾನೇ. ಅಪ್ಪ ಮೊದಲ ಸಲ ನಾನು ಓಡಿಸುವ ಕಾರಿನಲ್ಲಿ ಕೂತಿದ್ದ. ಚೆನ್ನಾಗಿ ಓಡಿಸುತ್ತಿ ಎಂದ. ಕಣ್ಣಿನ ಡಾಕ್ಟರು ವಯಸ್ಸಾದವರು. ಹತ್ತು ಹದಿನೈದು ಕನ್ನಡ ಹಳ್ಳಿಗಳಿಂದ ಮಂದಿ ಬರುತ್ತಿದ್ದರಿಂದ ಅವರಿಗೆ ನಮ್ಮ ಮಾತೂ ಬರುತ್ತಿತ್ತು. ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಾಚಬಿಂದು ಎಂದರು, ಕಣ್ಣಿನೊಳಗೆ ಒತ್ತಡ ಏರಿ ನೋಟ ಅಂಚಿನಿಂದ ಸಾಯುತ್ತ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ.

ಅಪ್ಪ ಒಪ್ಪಲಿಲ್ಲ. "ಸಾಹೇಬ್ರ, ನಮ್ಮಣ್ಣ ದಿನಾ ಲಿಂಗ ನೋಡ್ತಾರ. ದೃಷ್ಟಿ ನಿಂತದ ಅವರಿಗಿ. ಸುತ್ತಲಿಂದೆಲ್ಲಾ ಕರಗಿ ಲಿಂಗ ಒಂದೇ ಉಳೀತದ."

ಡಾಕ್ಟರು ಪೆನ್ನು ಕೆಳಗಿಟ್ಟರು. ದೊಡ್ಡಪ್ಪನ ಕಡೆ ಬಾಗಿ ಮೆತ್ತಗೆ ಕೇಳಿದರು. "ಆಪ್ಪಾ, ಪೂಜಾ ಮುಗಿಸಿ ಎದ್ದಮ್ಯಾಲ? ಸುತ್ತಲಿಂದು ತಿರುಗಿ ಕಾಣಸ್ತಿತ್ತೇನು?"

ದೊಡ್ಡಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಮುಚ್ಚಿ ಹಿಡಿದರು. ಯಾರಾದರೂ ಕಸಿದುಕೊಳ್ಳುತ್ತಾರೆ ಎಂಬಂತೆ. "ಇಲ್ಲ," ಎಂದರು.

ದೊಡ್ಡವ್ವನ ಮುಖವನ್ನು ನಾನು ನೋಡಲಿಲ್ಲ. ನೋಡಲಿಲ್ಲ ಎಂಬುದು ಚೆನ್ನಾಗಿ ನೆನಪಿದೆ.

ಹೋದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಔಷಧದ ಹನಿ ಬರೆದುಕೊಟ್ಟರು. ಆಮೇಲೆ ಬೇಕೆಂದೇನೂ ಅಲ್ಲ, ಹಾಗೇ ಹೇಳಿದರು: "ಮಳಿ ಸುರು ಆದಾಗೇ ಬಂದಿದ್ರ ಇದ್ದಷ್ಟು ಉಳಸಬಹುದಿತ್ತು."

ಆ ಮಾತಿಗೆ ಅಪ್ಪ ಅತ್ತ. ತನಗೆ ತಿಳಿಯಲಿಲ್ಲವಲ್ಲ ಎಂದು ಅತ್ತ. ನಾನು ಕಾರಿನ ಬೀಗದ ಕೈ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಎರಡು ವರ್ಷದಲ್ಲಿ ಉಳಿದದ್ದೂ ಹೋಯಿತು. ಕಡೆಗೆ ಲಿಂಗ ಮಾತ್ರ ಕಾಣುತ್ತದೆ ಎನ್ನುತ್ತಿದ್ದರು. ಒಂದು ದಿನ ಅದನ್ನೂ ಹೇಳುವುದನ್ನು ಬಿಟ್ಟರು. ಈಗಲೂ ಬೆಳಿಗ್ಗೆ ಕೂರುತ್ತಾರೆ, ಲಿಂಗವನ್ನು ಕಣ್ಣೆದುರಿಗೇ ಹಿಡಿಯುತ್ತಾರೆ. ದೊಡ್ಡವ್ವ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ. ಆ ಹೊತ್ತಿಗೆ ಅವಳಿಗೆ ಒಳಗೆ ಏನಾದರೊಂದು ಕೆಲಸ ಬರುತ್ತದೆ.

ಹೋದ ತಿಂಗಳು ಉದಗೀರದಲ್ಲಿ ಕೆಲಸ ಬೇಗ ಮುಗಿಯಿತು. ಡಾಕ್ಟರು ಟಾರ್ಚ್ ಹಾಕಿದರು, ಬರೆದರು, ಸಹಿ ಮಾಡಿದರು. ವಾಪಸು ಬರುವಾಗ ನಿಲಂಗಾದಲ್ಲಿ ಚಹಾ ಕುಡಿದೆವು. ನಾನು ಈಗಲೂ ಗೇರಿರುವ ಕಾರನ್ನೇ ಇಟ್ಟುಕೊಂಡಿದ್ದೇನೆ. ಗೇರಿಲ್ಲದ ಕಾರಿನಲ್ಲಿ ದೊಡ್ಡಪ್ಪನಿಗೆ ಕೇಳಲು ಏನೂ ಇರುವುದಿಲ್ಲ. ದಾರಿಯುದ್ದಕ್ಕೂ ಅವರ ಬೆರಳು ತೊಡೆಯ ಮೇಲೆ ಗೇರಿನ ಜೊತೆ ಆಡುತ್ತಿತ್ತು.

ಹೆದ್ದಾರಿ ಬಿಟ್ಟು ಊರ ದಾರಿಗೆ ತಿರುಗಿದಾಗ ನಾಲ್ಕು ಗಂಟೆ. ಬೇವಿನ ಮರ ದೂರದಿಂದಲೇ ಕಂಡಿತು. ನನ್ನ ಕಾಲು ತಾನಾಗಿಯೇ ಸಡಿಲಾಯಿತು.

"ದೊಡ್ಡಪ್ಪಾ, ದತ್ತೂನ ಬಂಡಿ ಅಡ್ಡ ಬಂದಿತ್ತಲ್ಲರಿ. ಅವತ್ತೇ ನನಗ ಗೊತ್ತಾಗಿತ್ತು."

ತೊಡೆಯ ಮೇಲೆ ಅವರ ಬೆರಳು ನಿಂತಿತು.

"ನಾ ಹೇಳಿದ್ರ ನಿಮ್ಮ ಕಣ್ಣು ಉಳೀತಿತ್ತು. ಹೇಳ್ಲಿಲ್ಲ."

"ನೀ ಹೇಳಬಾರದಂತೇ ಮರುದಿನ ಕೀಲಿ ಕೊಟ್ಟೆ," ಎಂದರು ದೊಡ್ಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ನೀ ಸಣ್ಣಾಕಿ. ಏನ್ ಕೊಟ್ರ ಬಾಯಿ ಮುಚ್ಚತಾಳಂತ ನನಗ ಗೊತ್ತಿತ್ತು." ಮತ್ತೆ, "ಆಮ್ಯಾಲ ನೀ ಖರೇನ ಛಲೋ ಹೊಡೀಲಿಕತ್ತಿದಿ. ಅದು ಬ್ಯಾರೆ," ಎಂದರು.

ನಾನು ಚೆನ್ನಾಗಿ ಕಲಿತಿದ್ದೆ, ಅದಕ್ಕೇ ದೊಡ್ಡ ರಸ್ತೆ ಸಿಕ್ಕಿತು ಎಂದು ಹನ್ನೆರಡು ವರ್ಷ ಹೇಳಿಕೊಂಡು ಬಂದ ಮಾತು ನನ್ನ ಬಾಯಲ್ಲೇ ಒಣಗಿತು. ಕಾರು ನಡಿಗೆಯಷ್ಟು ನಿಧಾನವಾಗಿತ್ತು. ಗೇರು ಇನ್ನೂ ಮೂರರಲ್ಲೇ ಇತ್ತು, ಇಡೀ ಕಾರು ನಡುಗತೊಡಗಿತ್ತು.

"ಇಂಜಿನ್ ಅಳಲಿಕತ್ತದ ನೋಡು," ಎಂದರು. "ಕೆಳಗ ಹಾಕು."

ಎರಡನೆಯ ಗೇರಿಗೆ ಹಾಕಿದೆ. ನಡುಕ ನಿಂತಿತು. ಮರದ ನೆರಳು ಗಾಜಿನ ಮೇಲೆ ಬಿತ್ತು; ಅವರ ಮುಖಕ್ಕೂ ಅದು ತಾಗಿರಬೇಕು. ಹೊಲದ ದಾರಿಯ ಕಡೆ ಅವರು ಮುಖ ತಿರುಗಿಸಿದರು.

"ಎಡಕ್ಕ?"

ನಾನು ಕಾರು ನಿಲ್ಲಿಸಿದೆ. ಕಿಟಕಿಯಾಚೆ ಆ ದಾರಿಯನ್ನು ಅದು ಮುಗಿಯುವವರೆಗೂ ನೋಡಿದೆ.

"ಖಾಲಿ ಅದರಿ," ಎಂದೆ.